ಐದನೇ ಫೌಲ್ ಆದರೂ ಫ್ರೀ ಥ್ರೋ ಯಾಕಿಲ್ಲ?

ಗೋಣಿಕೊಪ್ಪಲಿನ ಓದುಗರೊಬ್ಬರು ಬರೆದಿದ್ದಾರೆ: "ಬ್ಯಾಸ್ಕೆಟ್‌ಬಾಲ್ ಪಂದ್ಯದ ಕೊನೆಯ ಕ್ವಾರ್ಟರ್. ಎದುರು ತಂಡದ ನಾಲ್ಕು ಫೌಲ್ ಆಗಲೇ ಮುಗಿದಿದ್ದವು. ಅವರ ಹುಡುಗ ಡ್ರಿಬಲ್ ಮಾಡುತ್ತಾ ನಮ್ಮವನನ್ನು ತಳ್ಳಿದ. ರೆಫ್ರಿ ಫೌಲ್ ಕೊಟ್ಟರೂ ನಮಗೆ ಸಿಕ್ಕಿದ್ದು ಬರೀ ಥ್ರೋ-ಇನ್. ಆಮೇಲೆ ಅದೇ ಹುಡುಗ ರೀಬೌಂಡ್‌ಗೆ (ಬುಟ್ಟಿಗೆ ಬೀಳದೆ ಮರಳಿದ ಚೆಂಡಿಗೆ) ಹಾರುವಾಗ ತಳ್ಳಿದ್ದಕ್ಕೆ ಎರಡು ಫ್ರೀ ಥ್ರೋ! ಒಂದೇ ತಪ್ಪಿಗೆ ಎರಡು ನ್ಯಾಯವೇ?"

ಎರಡೂ ತೀರ್ಪು ಸರಿಯಾಗಿಯೇ ಇವೆ. ಫೌಲ್ ಆದ ಕ್ಷಣ ಚೆಂಡು ಯಾರ ಹತೋಟಿಯಲ್ಲಿತ್ತು ಎಂಬುದರ ಮೇಲೆ ಶಿಕ್ಷೆ ನಿಂತಿದೆ. ನಮ್ಮಲ್ಲಿ ನಡೆಯುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ನಿಯಮ. ಅದರ ಪ್ರಕಾರ ಚೆಂಡು ಇಟ್ಟುಕೊಂಡ ತಂಡದವರೇ ಸಾಮಾನ್ಯ ಫೌಲ್ ಮಾಡಿದರೆ, ಅದು ಎಷ್ಟನೆಯದೇ ಆಗಿರಲಿ, ಎದುರಾಳಿಗೆ ಹತ್ತಿರದ ಗೆರೆಯಿಂದ ಥ್ರೋ-ಇನ್ ಅಷ್ಟೇ. ಹಾಕಿ ನೋಡಿ ಬೆಳೆದ ಕೊಡಗಿನವರಿಗೆ ಇದು ಹೊಸದಲ್ಲ: ದಾಳಿಗೆ ಬಂದವನು ಗೋಲಿನ ಮುಂದಿನ ಡಿ ಒಳಗೆ ತಪ್ಪು ಮಾಡಿದರೆ ಕಾಯುವವರಿಗೆ ಫ್ರೀ ಹಿಟ್ ಸಿಗುತ್ತದೆ, ಪೆನಾಲ್ಟಿ ಕಾರ್ನರ್ ಯಾರೂ ಕೇಳುವುದಿಲ್ಲ.

ಪಾಸ್ ಗಾಳಿಯಲ್ಲಿದ್ದರೂ ಹತೋಟಿ ಆ ತಂಡದ್ದೇ. ಆದರೆ ಬುಟ್ಟಿಗೆ ಎಸೆದ ಚೆಂಡು ಕೈ ಬಿಟ್ಟ ಕೂಡಲೇ ಹತೋಟಿ ಮುಗಿಯಿತು. ನೀವು ನೋಡಿದ ರೀಬೌಂಡ್ ಫೌಲ್ ಆದದ್ದು ಅದಾದ ಮೇಲೆ. ಆ ಕ್ವಾರ್ಟರ್‌ನಲ್ಲಿ ತಂಡದ ಫೌಲ್ ನಾಲ್ಕು ದಾಟಿದ್ದರಿಂದ ಎರಡು ಫ್ರೀ ಥ್ರೋ. ಇಲ್ಲೇ ಇನ್ನೊಂದು ಜಗಳ ಹುಟ್ಟುತ್ತದೆ. ಎಸೆದವನೇ ಕೆಳಗಿಳಿಯುತ್ತಾ ಕಾಯುವವನ ಎದೆಗೆ ಗುದ್ದಿದರೆ? ಗುದ್ದುವ ಮೊದಲೇ ಚೆಂಡು ಕೈ ಬಿಟ್ಟಿದ್ದರೆ ಬುಟ್ಟಿ ಲೆಕ್ಕಕ್ಕೆ ಬರುತ್ತದೆ, ಫೌಲೂ ಅವನದೇ. ಚೆಂಡು ಇನ್ನೂ ಕೈಯಲ್ಲಿದ್ದರೆ ಬುಟ್ಟಿ ಇಲ್ಲ. ಅರ್ಧ ಸೆಕೆಂಡೂ ಇಲ್ಲದ ಈ ಅಂತರವನ್ನು ಚೆಂಡಿನ ಹಿಂದೆ ಕಣ್ಣೋಡಿಸುವ ರೆಫ್ರಿ ಹಿಡಿಯಲಾರ. ಅನುಭವಿಗಳು ಕಾಯುವವನನ್ನೇ ನೋಡುತ್ತಾರೆ: ಎದುರು ಮುಖಮಾಡಿ ಎರಡೂ ಪಾದ ನೆಲಕ್ಕೆ ಊರಿದನೇ, ಪೆಟ್ಟು ಬಿದ್ದದ್ದು ಎದೆಗೋ ಪಕ್ಕೆಗೋ. ಒಮ್ಮೆ ಹಾಗೆ ನಿಂತ ಮೇಲೆ ಅವನು ಹಿಂದಕ್ಕೆ, ಪಕ್ಕಕ್ಕೆ ಸರಿದರೂ ತಪ್ಪಿಲ್ಲ. "ಅಲ್ಲಾಡಿದ, ಆದ್ದರಿಂದ ಬ್ಲಾಕ್" (ಅಂದರೆ ಕಾಯುವವನದೇ ಫೌಲ್) ಎಂದು ಗ್ಯಾಲರಿಯಿಂದ ಕೂಗುವುದು ಬರೀ ಗಲಾಟೆ.

ಸ್ಕ್ರೀನ್ ಹಾಕುವಾಗಲೂ, ಅಂದರೆ ಜೊತೆಗಾರನಿಗಾಗಿ ಎದುರಾಳಿಯ ದಾರಿಗೆ ಅಡ್ಡ ನಿಲ್ಲುವಾಗಲೂ, ಇದೇ ಬಗೆಯ ಫೌಲ್ ಬರುತ್ತದೆ. ನಿಂತಿರುವ ಎದುರಾಳಿಯ ಕಣ್ಣಿಗೆ ಬೀಳದಂತೆ ಬೆನ್ನ ಹಿಂದೆ ನಿಂತರೆ, ಅವನಿಗೆ ಒಂದು ಸಾಮಾನ್ಯ ಹೆಜ್ಜೆಯ ಜಾಗ ಬಿಡಬೇಕು. ಓಡುತ್ತಿರುವವನಿಗಾದರೆ ಒಂದರಿಂದ ಎರಡು ಹೆಜ್ಜೆ. ತಾಗುವ ಹೊತ್ತಿಗೆ ಸ್ಕ್ರೀನ್ ಹಾಕಿದವನು ಚಲಿಸುತ್ತಿದ್ದರೆ ಫೌಲ್.

ಚೆಂಡು ಇಟ್ಟುಕೊಂಡ ತಂಡದ ಫೌಲಿಗೆ ರೆಫ್ರಿ ಸೀಟಿಯೊಂದಿಗೆ ಮುಷ್ಟಿ ಎತ್ತಿ ಗಡಿಯಾರ ನಿಲ್ಲಿಸುತ್ತಾರೆ. ಸ್ಕೋರರ್ ಟೇಬಲ್‌ಗೆ ಆಟಗಾರನ ನಂಬರ್, ಫೌಲಿನ ಬಗೆ ತೋರಿಸಿ, ಮುಷ್ಟಿಯನ್ನು ತಪ್ಪು ಮಾಡಿದ ತಂಡದ ಬುಟ್ಟಿಯತ್ತ ಚಾಚುತ್ತಾರೆ. ಇದನ್ನು ಕಂಡರೆ ಫ್ರೀ ಥ್ರೋ ಇಲ್ಲವೆಂದು ತಿಳಿಯಿರಿ. ಟೇಬಲ್‌ನಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಅಮೆರಿಕದ ಎನ್‌ಬಿಎ ಪಂದ್ಯಗಳಲ್ಲಿ ಇಂಥ ಫೌಲ್ ತಂಡದ ಲೆಕ್ಕಕ್ಕೆ ಸೇರುವುದಿಲ್ಲ; ಟಿವಿಯಲ್ಲಿ ಅದನ್ನು ನೋಡಿದವರು ಇಲ್ಲಿಯೂ ಬರೆಯದೆ ಬಿಡುತ್ತಾರೆ. ಫಿಬಾದಲ್ಲಿ ಆಟಗಾರನ ಐದರ ಲೆಕ್ಕಕ್ಕೂ ತಂಡದ ಲೆಕ್ಕಕ್ಕೂ ಎರಡಕ್ಕೂ ಸೇರುತ್ತದೆ. ಮೊಣಕೈ ಬೀಸಿ ಬಲವಾಗಿ ಹೊಡೆದದ್ದನ್ನು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಎಂದು ಕರೆದರೆ ಮಾತ್ರ, ಚೆಂಡು ಯಾರದಾಗಿದ್ದರೂ ಎರಡು ಫ್ರೀ ಥ್ರೋ, ಜೊತೆಗೆ ಥ್ರೋ-ಇನ್.

ಬುಟ್ಟಿಯ ಕೆಳಗಿನ ಅರ್ಧವೃತ್ತದ ಮಾತೂ ಬೇಕು. ಅದರೊಳಗೆ ಅಥವಾ ಗೆರೆಯ ಮೇಲೆ ಪಾದವಿಟ್ಟು ನಿಂತವನಿಗೆ, ಹೊರಗಿನಿಂದ ಹಾರಿ ಬಂದ ಎಸೆತಗಾರ ಗುದ್ದಿದರೂ ಚಾರ್ಜ್ (ಗುದ್ದಿದವನ ಫೌಲ್) ಇಲ್ಲ. ಎಸೆತಗಾರ ಕೈಕಾಲು ಬೀಸಿದ್ದರೆ ಮಾತು ಬೇರೆ. ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಬಯಲು ಕೋರ್ಟ್‌ಗಳಲ್ಲಿ ಅಳಿಸಿಹೋಗುವ ಗೆರೆ ಇದೇ. ಪಂದ್ಯಕ್ಕೆ ಮುಂಚೆ ರಿಂಗ್‌ನ ನಡುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ. ಅದು ಕೊನೆಗೆರೆಯಿಂದ 1.575 ಮೀಟರ್ ಒಳಗಿರಬೇಕು. ಅಲ್ಲಿಂದ 1.25 ಮೀಟರ್ ದಾರ ಹಿಡಿದು ಕೋರ್ಟಿನ ಕಡೆಗೆ ಅರ್ಧವೃತ್ತ ಎಳೆಯಿರಿ. ಆ ಅಳತೆ ಗೆರೆಯ ಒಳ ಅಂಚಿಗೆ. ಬಣ್ಣ ಅದರ ಹೊರಗೆ ಬರಲಿ.

— ಸಂ.