ಉದುರುವುದು ಹೆಚ್ಚಾಯಿತೆಂದು ಔಷಧ ಬಿಡಬೇಡಿ

ಪ್ರಶ್ನೆ: ನನಗೆ 26 ವರ್ಷ. ಹಣೆಯ ಎರಡೂ ಬದಿ ಕೂದಲು ಹಿಂದೆ ಸರಿದಿದೆ, ನೆತ್ತಿಯೂ ತೆಳುವಾಗಿದೆ. ತಂದೆಗೂ ಸೋದರಮಾವನಿಗೂ ಬೊಕ್ಕತಲೆ. ವೈದ್ಯರು ಬರೆದುಕೊಟ್ಟ ಶೇ 5ರ ಮಿನಾಕ್ಸಿಡಿಲ್ ಹಚ್ಚತೊಡಗಿ ಐದು ವಾರವಾಯಿತು. ಈಗ ಮೊದಲಿಗಿಂತ ಹೆಚ್ಚು ಉದುರುತ್ತಿದೆ. ಅಮ್ಮ ಅದನ್ನು ಬಿಟ್ಟು ಈರುಳ್ಳಿ ರಸ ಹಚ್ಚು ಎನ್ನುತ್ತಾರೆ. ಒಂದು ಕ್ಲಿನಿಕ್ಕಿನವರು ಪಿಆರ್‌ಪಿ ಪ್ಯಾಕೇಜಿಗೆ ಮುಂಗಡ ಕೇಳುತ್ತಿದ್ದಾರೆ. ಮನೆಯಲ್ಲಿ ಹುಡುಗಿ ನೋಡುತ್ತಿದ್ದಾರೆ. ಶಸ್ತ್ರಚಿಕಿತ್ಸೆ ಇಲ್ಲದೆ ಕೂದಲು ಬರುತ್ತದೆಯೇ ಮೇಡಂ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು, ಆ ಔಷಧವನ್ನು ನಿಲ್ಲಿಸಬೇಡಿ. ಶುರುವಿನ ಒಂದೆರಡು ತಿಂಗಳು ಉದುರುವುದು ಹೆಚ್ಚಾಗುವುದುಂಟು. ಬೆಳವಣಿಗೆ ನಿಲ್ಲಿಸಿ ಕುಳಿತಿದ್ದ ಹಳೆಯ ಎಳೆಗಳು ಬಿದ್ದು, ಬುಡದಲ್ಲಿ ಹೊಸ ಎಳೆ ಹೊರಡುವ ಹೊತ್ತು ಅದು. ನನ್ನ ಬಳಿ ಬರುವ ಎಷ್ಟೋ ಹುಡುಗರು ಸರಿಯಾಗಿ ಇದೇ ಘಟ್ಟದಲ್ಲಿ ಹೆದರಿ ಬಿಟ್ಟುಬಿಡುತ್ತಾರೆ, ನನಗೆ ಸಂಕಟವಾಗುತ್ತದೆ. ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್. ಫಲ ಕಣ್ಣಿಗೆ ಬೀಳಲು ನಾಲ್ಕರಿಂದ ಆರು ತಿಂಗಳು ಬೇಕು.

ಹಚ್ಚುವುದನ್ನು ಸರಿಯಾಗಿ ಹಚ್ಚಿ. ಒಣಗಿದ, ಎಣ್ಣೆಯಿಲ್ಲದ ತಲೆ. ಕೂದಲನ್ನು ಬೈತಲೆಯಂತೆ ಬಿಡಿಸಿ, 1 ಮಿಲಿಲೀಟರ್ ಅನ್ನು ದಿನಕ್ಕೆ ಎರಡು ಸಲ ನೇರವಾಗಿ ಚರ್ಮಕ್ಕೆ. ಆಮೇಲೆ ಕೈ ತೊಳೆಯಿರಿ. ರಾತ್ರಿ ಮಲಗುವ ಎರಡು ಗಂಟೆ ಮೊದಲೇ ಹಚ್ಚದಿದ್ದರೆ ಔಷಧ ದಿಂಬಿಗೆ ಹತ್ತಿ, ಅಲ್ಲಿಂದ ಮುಖಕ್ಕೆ ತಾಗಿ ಕೆನ್ನೆಯ ಮೇಲೂ ಕೂದಲು ಬರಬಹುದು. ಮನೆಯಲ್ಲಿ ಬೆಕ್ಕಿದ್ದರೆ ದಿಂಬಿನ ಹತ್ತಿರ ಬಿಡಲೇಬೇಡಿ. ಮಿನಾಕ್ಸಿಡಿಲ್ ಸ್ವಲ್ಪ ನೆಕ್ಕಿದರೂ ಅದರ ಜೀವಕ್ಕೆ ಅಪಾಯ. ಇದು ಮೂಲತಃ ರಕ್ತದೊತ್ತಡದ ಮಾತ್ರೆ. ನುಂಗಿದವರಿಗೆ ಮೈಮೇಲೆ ಕೂದಲು ಬೆಳೆದದ್ದು ಕಂಡು ತಲೆಗೆ ಹಚ್ಚುವ ದ್ರಾವಣವಾಯಿತು, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಾಗಾಗಿ ಎದೆಬಡಿತದ ಏರಿಕೆ, ತಲೆಸುತ್ತು, ಕಾಲುಬಾವು ಕಂಡರೆ ಮಾತ್ರ ತಕ್ಷಣ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಆದರೆ ಮಿನಾಕ್ಸಿಡಿಲ್ ಮೂಲ ಕಾರಣವನ್ನು ಮುಟ್ಟುವುದಿಲ್ಲ. ವಂಶದಿಂದ ಬಂದ ಒಲವಿರುವವರಲ್ಲಿ ಡಿಎಚ್‌ಟಿ ಎಂಬ ಹಾರ್ಮೋನು ಕೂದಲ ಬುಡವನ್ನು ಬೆಳವಣಿಗೆಯ ಸುತ್ತಿನಿಂದ ಸುತ್ತಿಗೆ ಕುಗ್ಗಿಸುತ್ತದೆ. ಅದನ್ನು ತಗ್ಗಿಸುವುದು ಫಿನಾಸ್ಟರೈಡ್ ಮಾತ್ರೆ, ದಿನಕ್ಕೆ 1 ಮಿಲಿಗ್ರಾಂ. ಎರಡೂ ಸೇರಿದರೆ ಒಂದೊಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಫಿನಾಸ್ಟರೈಡಿನಿಂದ ಕೆಲವರಲ್ಲಿ ಲೈಂಗಿಕ ಆಸಕ್ತಿ ತಗ್ಗುತ್ತದೆ, ನಿಮಿರುವಿಕೆಗೆ ತೊಂದರೆಯಾಗುತ್ತದೆ, ಮನಸ್ಸು ಮಂಕಾಗುತ್ತದೆ. ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೋಗದ ವರದಿಗಳೂ ಇವೆ. ಮದುವೆಯ ಮಾತು ನಡೆಯುತ್ತಿರುವಾಗ ಇದನ್ನು ಸಂಕೋಚವಿಲ್ಲದೆ ವೈದ್ಯರೊಡನೆ ಕುಳಿತು ಮಾತನಾಡಿ, ಹಿಂದೆ ಖಿನ್ನತೆ ಇದ್ದದ್ದಾದರೆ ಹೇಳಿ. ಮೆಡಿಕಲ್ ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಮುಂದೆ ಹೆಂಡತಿ ಗರ್ಭಿಣಿಯಾದಾಗ ಒಡೆದ ಮಾತ್ರೆಯನ್ನು ಅವರು ಮುಟ್ಟಬಾರದು. ಮಾತ್ರೆ ನಿಲ್ಲಿಸಿ ಒಂದು ತಿಂಗಳು ಕಳೆಯುವವರೆಗೆ ನೀವು ರಕ್ತದಾನ ಮಾಡಬಾರದು.

ಪಿಆರ್‌ಪಿಗೆ ಈಗ ಮುಂಗಡ ಕೊಡಬೇಡಿ. ನಿಮ್ಮದೇ ರಕ್ತ ತೆಗೆದು, ಗಿರಗಿರನೆ ತಿರುಗಿಸಿ, ಪ್ಲೇಟ್‌ಲೆಟ್ ತುಂಬಿದ ಭಾಗವನ್ನು ನೆತ್ತಿಗೆ ಚುಚ್ಚುತ್ತಾರೆ. ಕೆಲವರಿಗೆ ಎಳೆ ದಪ್ಪವಾಗಿದೆ, ನಿಜ. ಆದರೆ ತಯಾರಿಸುವ ರೀತಿ ಒಬ್ಬೊಬ್ಬರದು ಒಂದೊಂದು, ಮೊದಲ ಕೆಲವು ಸರದಿಗಳ ಬಳಿಕವೂ ಮತ್ತೆ ಮತ್ತೆ ಮಾಡಿಸಬೇಕು. ಔಷಧವನ್ನು ವರ್ಷ ಬಳಸಿ ಸಾಲದೆನಿಸಿದರೆ ಆಗ ಯೋಚಿಸಿ. ಆನ್‌ಲೈನಿನಲ್ಲಿ ಸಿಗುವ, ಸಣ್ಣ ಸೂಜಿಗಳಿರುವ ಡರ್ಮಾ ರೋಲರನ್ನು ಮನೆಯಲ್ಲಿ ಉರುಳಿಸಿಕೊಂಡು ಸೋಂಕು ತಂದುಕೊಳ್ಳಬೇಡಿ. ಸೂಜಿ ಚಿಕಿತ್ಸೆಯಿಂದ ಪ್ರಯೋಜನವಿದೆ, ಅದು ವೈದ್ಯರ ಕೈಯಲ್ಲಿ ಆಗಲಿ.

ಅಮ್ಮನಿಗೆ ಹೇಳಿ, ಈರುಳ್ಳಿ ರಸಕ್ಕೆ ಹೆಸರು ಬಂದದ್ದು ನಾಣ್ಯದಂತೆ ದುಂಡಗೆ ಕೂದಲು ಉದುರುವ ಬೇರೊಂದು ಕಾಯಿಲೆಯ ಸಣ್ಣ ಅಧ್ಯಯನದಿಂದ. ಕೊಬ್ಬರಿ ಎಣ್ಣೆ ಎಳೆಯನ್ನು ಕಾಪಾಡುತ್ತದೆ, ಹುಟ್ಟಿಸುವುದಿಲ್ಲ. ಬಯೋಟಿನ್ ಮಾತ್ರೆಯೂ ಕೊರತೆ ಇಲ್ಲದವರಿಗೆ ವ್ಯರ್ಥ. ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ಕೆಡಿಸುವುದು ಬೇರೆ.

ಪೂರ್ತಿ ಬೋಳಾದ ಜಾಗದಲ್ಲಿ ಈ ಔಷಧಗಳಿಂದ ಹೆಚ್ಚೇನೂ ಬಾರದು, ನಿಮ್ಮ ನೆತ್ತಿ ಇನ್ನೂ ಆ ಹಂತಕ್ಕೆ ಹೋಗಿಲ್ಲ. ಹಣೆಯ ಮೂಲೆಗಳಿಗಿಂತ ನೆತ್ತಿಯಲ್ಲಿ ಫಲ ಹೆಚ್ಚು. ಚಿಕಿತ್ಸೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಬಂದದ್ದು ಹೋಗುತ್ತದೆ, ಆದ್ದರಿಂದ ವರ್ಷಗಟ್ಟಲೆ ಭರಿಸಬಲ್ಲ ಖರ್ಚನ್ನೇ ಆರಿಸಿಕೊಳ್ಳಿ. ಈ ವಾರವೇ ನೆತ್ತಿಯ ಫೋಟೊ ತೆಗೆಸಿ, ಆರನೆಯ ತಿಂಗಳು ಅದೇ ಬೆಳಕಿನಲ್ಲಿ ಇನ್ನೊಂದು ತೆಗೆಸಿ, ಎರಡನ್ನೂ ನಿಮ್ಮ ವೈದ್ಯರಿಗೆ ತೋರಿಸಿ.