ಹತ್ತಿರದ ಕ್ಲಿನಿಕ್ಕೋ, ಒಳ್ಳೆಯ ಕ್ಲಿನಿಕ್ಕೋ? – ಸಾಕುಪ್ರಾಣಿ ಪ್ರಶ್ನೋತ್ತರ

ಪ್ರಶ್ನೆ: ಮುಂಬಯಿ ಪಕ್ಕದ ಡೊಂಬಿವಲಿಗೆ ಹೊಸದಾಗಿ ಬಂದಿದ್ದೇವೆ. ಮನೆಯಲ್ಲಿ ಎರಡು ತಿಂಗಳ ನಾಯಿಮರಿ, ನಾಲ್ಕು ವರ್ಷದ ಗಂಡುಬೆಕ್ಕು ಇವೆ. ನಡೆದು ಹೋಗುವಷ್ಟು ದೂರದಲ್ಲೇ ಮೂರು ಕ್ಲಿನಿಕ್ ಇವೆ. ಒಂದು ಪೆಟ್ ಶಾಪ್ ಒಳಗೆ, ಇನ್ನೊಂದು ಏಸಿ ಹಾಕಿದ ಹೊಸದು, ಮೂರನೆಯದು ವಯಸ್ಸಾದ ಡಾಕ್ಟರೊಬ್ಬರ ಒಂದೇ ಕೋಣೆಯದು. ಯಾವುದಕ್ಕೆ ಹೋಗೋಣ?

ಉತ್ತರ: ಎರಡೂ ಹುಷಾರಾಗಿರುವಾಗಲೇ ಕೇಳಿದ್ದು ಒಳ್ಳೆಯದಾಯಿತು. ಪ್ರಾಣಿಗಳನ್ನು ಮನೆಯಲ್ಲೇ ಬಿಟ್ಟು ಮೂರಕ್ಕೂ ಒಮ್ಮೆ ಹೋಗಿ ಬನ್ನಿ. ಗೋಡೆಯ ಮೇಲೆ ಡಾಕ್ಟರ ಬಿ.ವಿ.ಎಸ್ಸಿ. (ಪಶುವೈದ್ಯ) ಪದವಿ, ರಾಜ್ಯ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿ. ಪೆಟ್ ಶಾಪ್‌ನಲ್ಲಿ ಇಂಜೆಕ್ಷನ್ ಕೊಡುವುದು ಡಾಕ್ಟರೋ, ಅಂಗಡಿಯ ಹುಡುಗನೋ ಎಂದು ನೇರವಾಗಿ ಕೇಳಿ. ಹುಡುಗ ಎಂದರೆ ಆ ಜಾಗ ಬಿಟ್ಟುಬಿಡಿ.

ಆಮೇಲೆ ಲಸಿಕೆ ಇಡುವ ಫ್ರಿಜ್ ಬಗ್ಗೆ ಕೇಳಿ. ನಿಮ್ಮ ಮರಿಯ ಮಟ್ಟಿಗೆ ಇದೇ ಮುಖ್ಯ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ವೈರಸ್ ರೋಗಗಳಿಗೆ ಮರಿಗೆ ಕೊಡುವ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಕರೆಂಟ್ ಹೋಗಿ ಫ್ರಿಜ್ ಬಿಸಿಯಾದರೆ ಅದು ಸಾಯುತ್ತದೆ, ಆದರೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ರೇಬಿಸ್ ಲಸಿಕೆಗೆ ತದ್ವಿರುದ್ಧ ಅಪಾಯ, ಅದು ಹೆಪ್ಪುಗಟ್ಟಿದರೆ ಕೆಡುತ್ತದೆ. ಹಾಗಾಗಿ ಫ್ರಿಜ್‌ನಲ್ಲಿ ಥರ್ಮಾಮೀಟರ್ ಇದೆಯೇ, ಕರೆಂಟ್ ಹೋದಾಗ ಏನು ಮಾಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಲಸಿಕೆ ಕೊಂಡು ಚೀಲದಲ್ಲಿ ಹಾಕಿಕೊಂಡು ಲೋಕಲ್ ಟ್ರೇನಿನಲ್ಲಿ ತರುವ ಉಳಿತಾಯ ಬೇಡವೇ ಬೇಡ.

ಲಸಿಕೆಯ ದಿನ ಪುಡಿಯ ಬಾಟಲಿಗೆ ದ್ರವ ಸೇರಿಸುವುದು ನಿಮ್ಮ ಕಣ್ಣೆದುರೇ ಆಗಬೇಕು, ಸೇರಿಸಿದ ಮೇಲೆ ತಡಮಾಡದೆ ಚುಚ್ಚಬೇಕು. ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಕು ಇರುವ ಸ್ಟಿಕ್ಕರನ್ನು ಕಿತ್ತು ಕಾರ್ಡಿಗೆ ಅಂಟಿಸಬೇಕು. ಬರೀ ಸಹಿ ಸಾಲದು. ಮೊದಲ ಡೋಸ್ ಈಗ, ಆಮೇಲೆ 3–4 ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೆ. ರೇಬಿಸ್‌ದು 12 ವಾರಕ್ಕೆ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮೊದಲ ಡೋಸುಗಳನ್ನೇ ತಡೆದುಬಿಡುವುದುಂಟು, ಕೊನೆಯದನ್ನು ತಪ್ಪಿಸಿದರೆ ಹಿಂದಿನವೂ ವ್ಯರ್ಥವಾಗಬಹುದು. ಮುಂಬಯಿ ಮಳೆಗಾಲಕ್ಕೆ ಲೆಪ್ಟೊ (ಇಲಿಜ್ವರ) ಲಸಿಕೆಯೂ ಸೇರಿದೆಯೇ ಎಂದು ಕೇಳಿ.

ಲಸಿಕೆ ಪೂರ್ತಿಯಾಗುವವರೆಗೆ ಕ್ಲಿನಿಕ್ಕಿನ ನೆಲದ ಮೇಲೆ ಮರಿಯನ್ನು ಬಿಡಬೇಡಿ, ಮಡಿಲಲ್ಲೇ ಇರಲಿ. ಪಾರ್ವೊ ವೈರಸ್ ಮಾಮೂಲಿ ಫಿನಾಯಿಲಿಗೆ ಸಾಯುವುದಿಲ್ಲ. ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ಒದ್ದೆಯಾಗಿರಲು ಬಿಡಬೇಕು. ಒಂದು ನಾಯಿ ಇಳಿದು ಇನ್ನೊಂದು ಹತ್ತುವ ನಡುವೆ ಮೇಜು ಒರೆಸುತ್ತಾರೋ ಇಲ್ಲವೋ, ಹತ್ತು ನಿಮಿಷ ಕೂತರೆ ತಿಳಿಯುತ್ತದೆ.

ಕೂತಾಗ ಇನ್ನೊಂದನ್ನೂ ಗಮನಿಸಿ. ಜ್ವರ ಎಂದು ಬಂದ ನಾಯಿಯ ತೂಕ ನೋಡಿ, ಥರ್ಮಾಮೀಟರ್ ಇಟ್ಟು, ತುಟಿ ಎತ್ತಿ ವಸಡಿನ ಬಣ್ಣ ನೋಡಿ, ಹೊಟ್ಟೆ ಮುಟ್ಟಿ ಪರೀಕ್ಷಿಸುತ್ತಾರೆಯೇ? ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಸಹಜ, ಮನುಷ್ಯರ ಲೆಕ್ಕ ಹಿಡಿದರೆ ಸುಮ್ಮನೆ ಗಾಬರಿ. ಉಣ್ಣೆಹುಳ ಕಚ್ಚಿ ಬರುವ ಜ್ವರಕ್ಕೆ ರಕ್ತ ಪರೀಕ್ಷಿಸದೆ ಮದ್ದು ಕೊಡುವುದು ಊಹೆಯ ಕೆಲಸ. ಇಂಥ ಜ್ವರಗಳಲ್ಲಿ ಒಂದಾದ ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ 28 ದಿನ ಬೇಕು, ಇನ್ನೊಂದಾದ ಬೆಬೀಸಿಯಾಕ್ಕೆ ಮದ್ದೇ ಬೇರೆ. ಬಂದವರಿಗೆಲ್ಲ ಸ್ಟೆರಾಯ್ಡ್ ಚುಚ್ಚಿ ಕಳಿಸುವಲ್ಲಿ ನಾಯಿ ಸಂಜೆಗೆ ಲವಲವಿಕೆಯಿಂದ ಓಡಾಡುತ್ತದೆ, ಒಳಗಿನ ರೋಗ ಹಾಗೇ ಇರುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ಒಂದೇ ಕೋಣೆಯ ಡಾಕ್ಟರೇ ಸಾಕು. ಎಕ್ಸ್‌ರೇ, ದೊಡ್ಡ ಆಪರೇಷನ್ ತಮ್ಮಲ್ಲಿ ಆಗದೆಂದು ಚೀಟಿ ಬರೆದು ಬೇರೆಡೆ ಕಳಿಸುವವರನ್ನು ನಂಬಬಹುದು. ಪರೇಲ್‌ನಲ್ಲಿ 1886ರಿಂದ ಇರುವ ಮುಂಬಯಿ ಪಶುವೈದ್ಯ ಕಾಲೇಜು, ಅದರ ಪಕ್ಕದ ಬಾಯಿ ಸಕರಬಾಯಿ ದಿನ್ಶಾ ಪೆಟಿಟ್ ಆಸ್ಪತ್ರೆ ಇಂಥ ಕೇಸುಗಳನ್ನು ನೋಡುತ್ತ ಬಂದಿವೆ.

ಪ್ರಶ್ನೆ: ನಮ್ಮ ಮುಲುಂಡ್‌ನ ಕ್ಲಿನಿಕ್ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಯಾವುದಕ್ಕೆ ಬೆಳಗಿನವರೆಗೆ ಕಾಯಬಹುದು, ಯಾವುದಕ್ಕೆ ಕಾಯಬಾರದು?

ಉತ್ತರ: ಗಂಡುಬೆಕ್ಕು ಮರಳಿನ ತಟ್ಟೆಗೆ ಮತ್ತೆಮತ್ತೆ ಹೋಗಿ ತಿಣುಕಿದರೂ ಉಚ್ಚೆ ಬಾರದಿದ್ದರೆ ಒಂದು ಗಂಟೆಯೂ ಕಾಯಬೇಡಿ. ಮನೆಯವರು ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತಾರೆ, ಅಷ್ಟರಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ದೊಡ್ಡ ತಳಿಯ ನಾಯಿಯ ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬಾರದಿದ್ದರೆ, ವಸಡು ಬಿಳುಚಿದರೆ, ಫಿಟ್ಸ್ ಐದು ನಿಮಿಷ ಮೀರಿದರೆ ಆ ಕ್ಷಣವೇ ಹೊರಡಬೇಕು. ಒಮ್ಮೆ ವಾಂತಿಯಾಗಿ ಆಮೇಲೆ ಆರಾಮಾಗಿ ಆಡುತ್ತಿರುವ ಬೆಳೆದ ನಾಯಿಗಾದರೆ ಬೆಳಗಾಗಲಿ. ಲಸಿಕೆ ಮುಗಿಯದ ಮರಿಗೆ ಈ ಮಾತು ಅನ್ವಯಿಸದು.

ಮುಚ್ಚಿದ ಮೇಲೆ ಫೋನ್ ಎತ್ತುವವರು ಯಾರು ಎಂದು ಈಗಲೇ ಕೇಳಿ, ರಾತ್ರಿ ತೆರೆದಿರುವ ಎರಡು ಆಸ್ಪತ್ರೆಗಳ ನಂಬರು ಫ್ರಿಜ್ ಮೇಲೆ ಅಂಟಿಸಿ, ಟ್ಯಾಕ್ಸಿ ಹತ್ತುವ ಮೊದಲು ಫೋನ್ ಮಾಡಿ. ಬೆಕ್ಕಿಗೆ ಪ್ಯಾರಸಿಟಮಾಲ್ ಅರ್ಧ ಮಾತ್ರೆಯೂ ಪ್ರಾಣಾಂತಿಕ. ನಾಯಿಗೆ ಐಬುಪ್ರೊಫೆನ್ ಕೊಡಬಾರದು.

ಪ್ರಶ್ನೆ: ಹೆಣ್ಣುನಾಯಿಯ ಸಂತಾನಹರಣ ಆಪರೇಷನ್ನಿಗೆ ಒಬ್ಬರು ಹೇಳಿದ ಮೂರರಷ್ಟು ಇನ್ನೊಬ್ಬರು ಕೇಳುತ್ತಿದ್ದಾರೆ. ಯಾಕೆ?

ಉತ್ತರ: ಮೊದಲೇ ರಕ್ತಪರೀಕ್ಷೆ, ಗಂಟಲಿಗೆ ಟ್ಯೂಬ್ ಹಾಕಿ ಗ್ಯಾಸ್ ಅರಿವಳಿಕೆ, ಸಲೈನ್, ಆಕ್ಸಿಜನ್ ಅಳೆಯುವ ಯಂತ್ರ, ಆಮೇಲಿನ ನೋವಿನ ಮದ್ದು, ಗಾಯ ನೆಕ್ಕದಂತೆ ತಡೆಯುವ ಕೊರಳಪಟ್ಟಿ ಇವೆಲ್ಲ ಸೇರಿವೆಯೇ ಎಂದು ಇಬ್ಬರನ್ನೂ ಬಿಡಿಬಿಡಿಯಾಗಿ ಕೇಳಿ. ನೋವಿನ ಮದ್ದು ಬೇಡ ಎನ್ನುವವರಲ್ಲಿ ಮಾಡಿಸಬೇಡಿ. ಬೆದೆಯಲ್ಲಿದ್ದಾಗ ರಕ್ತಸ್ರಾವ ಜಾಸ್ತಿ, ಅದು ಮುಗಿದು 2–3 ತಿಂಗಳು ಬಿಡಿ. ಹೊಲಿಗೆ ಬಿಚ್ಚುವ 10–14ನೇ ದಿನದವರೆಗೆ ಕೊರಳಪಟ್ಟಿ ತೆಗೆಯಬೇಡಿ. ನಾಯಿ ನೆಕ್ಕಿದರೆ ಹೊಲಿಗೆ ಬಿಚ್ಚಿಕೊಳ್ಳಬಹುದು.