ಇಂಗ್ಲಿಷಿನ ‘ಟೈಟ್’ ಪದದ ಮೂಲ ಅರ್ಥ ‘ಬಿಗಿ’ಯೇ?

‘ಟೈಟ್’ ಎಂಬ ಪದ ಎಲ್ಲಿಂದ ಬಂತು, ‘ಟಾಟ್’ (taut) ಎಂಬುದಕ್ಕೂ ಅದಕ್ಕೂ ವ್ಯತ್ಯಾಸವೇನು ಎಂದು ಕೇಳಿದ್ದೀರಿ. ಕನ್ನಡದಲ್ಲಿ ಎರಡಕ್ಕೂ ‘ಬಿಗಿಯಾದ’ ಎಂದೇ ಹೇಳುವುದರಿಂದ ಗೊಂದಲ ಸಹಜ. ಆದರೆ ‘ಟೈಟ್’ ಹುಟ್ಟಿದ್ದು ಎಳೆಯುವುದರಿಂದಲ್ಲ, ಹೆಪ್ಪುಗಟ್ಟುವುದರಿಂದ.

ಸಂದಿಲ್ಲದ, ದಟ್ಟವಾದ, ನೀರು ಸೋರದ ಎಂಬ ಅರ್ಥವಿದ್ದ ಪ್ರಾಚೀನ ನಾರ್ಸ್ ಭಾಷೆಯ ಪದವೊಂದು ಇಂಗ್ಲಿಷಿಗೆ ಬಂದಾಗ ಅದರ ಮೊದಲ ಅಕ್ಷರ ‘ಥ’ಕಾರವಾಗಿತ್ತು, 15ನೆಯ ಶತಮಾನದ ಹೊತ್ತಿಗೆ ‘ಟ’ಕಾರದ ರೂಪ ಕಾಣಿಸಿಕೊಂಡಿತು. ಜರ್ಮನ್ನಿನ ‘ಡಿಖ್ಟ್’, ಅಂದರೆ ದಟ್ಟವಾದ, ಇದರ ದಾಯಾದಿ. ಇವೆಲ್ಲದರ ಹಿಂದಿರುವ ಇಂಡೋ-ಯುರೋಪಿಯನ್ ಧಾತುವಿಗೆ ಗಟ್ಟಿಯಾಗು, ಹೆಪ್ಪುಗಟ್ಟು ಎಂಬ ಅರ್ಥವನ್ನು ಭಾಷಾವಿದ್ವಾಂಸರು ಕೊಡುತ್ತಾರೆ. ಫಾರಸಿಯ ‘ತಂಗ್’, ಅಂದರೆ ಇಕ್ಕಟ್ಟಾದ, ಆ ಬಳಗದ್ದೇ. ಹಾಲಿಗೆ ಹಾಕುವ ಹೆಪ್ಪಿಗೆ ಸಂಸ್ಕೃತದಲ್ಲಿರುವ ‘ಆತಂಚನ’ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ‘ವಾಟರ್‌ಟೈಟ್’, ‘ಏರ್‌ಟೈಟ್’ ಎನ್ನುವಾಗ ಎಳೆತದ ಸುಳಿವೇ ಇಲ್ಲದಿರುವುದಕ್ಕೆ ಕಾರಣ ಇದು.

ಮೊಸರಿಗೂ ಬಿಗಿತಕ್ಕೂ ಎತ್ತಣ ಸಂಬಂಧ ಎಂದು ಬೆಳಗಾವಿಯವರಾರೂ ಕೇಳಲಾರರು. ಇಲ್ಲಿನ ಮರಾಠಿಯಲ್ಲಿ ಕೆನೆಮೊಸರೂ ‘ಘಟ್ಟ’, ಖಡೇಬಜಾರದ ಟೇಲರು ಹೊಲಿದುಕೊಟ್ಟ ಮೈಗಂಟುವ ಜಂಪರವೂ ‘ಘಟ್ಟ’. ನಮ್ಮ ‘ಗಟ್ಟಿ’ಯೂ ಹಾಗೆಯೇ: ಗಟ್ಟಿ ಮೊಸರು, ಗಟ್ಟಿಯಾಗಿ ಕಟ್ಟಿದ ಗಂಟು. ಈ ಪದಗಳು ‘ಟೈಟ್’ಗೆ ನೆಂಟರೆಂದು ನಾನು ಹೇಳುತ್ತಿಲ್ಲ, ದಟ್ಟಣೆಯಿಂದ ಬಿಗಿತಕ್ಕೆ ಅರ್ಥ ಸರಿದ ದಾರಿ ಮಾತ್ರ ಎರಡೂ ಕಡೆ ಒಂದೇ.

‘ಟಾಟ್’ ಎಂಬುದನ್ನು ಸಾಮಾನ್ಯವಾಗಿ ಎಳೆ ಎಂಬ ಅರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದಕ್ಕೆ ಜೋಡಿಸುತ್ತಾರೆ. ಹಡಗಿನ ಹಗ್ಗಗಳ ನಡುವೆ ಬಹುಕಾಲ ಬಾಳಿದ ಪದವದು. ನಾನಿರುವ ವಡಗಾವಿಯಲ್ಲಿ ನೇಕಾರರ ಮನೆಗಳು ಹೆಚ್ಚು, ಆದ್ದರಿಂದ ನನಗೆ ಈ ವ್ಯತ್ಯಾಸ ಮಗ್ಗದ ಮೇಲೆಯೇ ಸ್ಪಷ್ಟವಾಗಿ ಕಾಣುತ್ತದೆ. ಎರಡು ತುದಿಗಳ ನಡುವೆ ಜಗ್ಗಿ ನಿಂತ ಹಾಸಿನ ಎಳೆ ‘ಟಾಟ್’. ಹಣಿಗೆಯ, ಅಂದರೆ ಮಗ್ಗದ ಬಾಚಣಿಗೆಯ, ಪೆಟ್ಟಿಗೆ ಹೊಕ್ಕಿನ ಅಡ್ಡ ಎಳೆಗಳು ಒಂದಕ್ಕೊಂದು ಒತ್ತಿಕೊಂಡು, ಬೆಳಕೂ ತೂರದಂತೆ ಆದ ನೇಯ್ಗೆ ‘ಟೈಟ್’. 16ನೆಯ ಶತಮಾನದ ಉತ್ತರಾರ್ಧದಿಂದ ‘ಟೈಟ್’ ಕೂಡ ಜಗ್ಗಿದ ಹಗ್ಗಕ್ಕೆ ಸಲ್ಲುತ್ತ ಬಂದಿದೆ, ಹೀಗಾಗಿ ಹಗ್ಗದ ವಿಷಯದಲ್ಲಿ ಎರಡನ್ನೂ ಬಳಸಬಹುದು. ಡಬ್ಬಿಯ ಮುಚ್ಚಳವನ್ನಾಗಲಿ, ಕಾಲು ಕಚ್ಚುವ ಚಪ್ಪಲಿಯನ್ನಾಗಲಿ ‘ಟಾಟ್’ ಎಂದರೆ ಮಾತ್ರ ತಪ್ಪಾಗುತ್ತದೆ.

ಬಿಗುವಿನಿಂದ ಕೂಡಿದ ಎಂಬ ಅರ್ಥದ ‘ಟೆನ್ಸ್’ (tense) ಬೇರೆ ಮನೆತನದ್ದು: ಲ್ಯಾಟಿನ್ನಿನ ‘ತೆಂದೆರೆ’, ಅಂದರೆ ಹಿಗ್ಗಿಸು, ಅದರ ಮೂಲ; ಸಂಸ್ಕೃತದ ‘ತಂತು’ ಅದರ ಬಂಧು. ಇನ್ನು ಕುಡಿದವನನ್ನು ‘ಟೈಟ್ ಆಗಿದ್ದಾನೆ’ ಎನ್ನುವುದು ನಮ್ಮವರ ಸೃಷ್ಟಿಯೆಂದು ನಾನು ಬಹಳ ದಿನ ನಂಬಿದ್ದೆ. ಇಂಗ್ಲಿಷಿನ ಆಡುಮಾತಿನಲ್ಲಿ ಆ ಬಳಕೆ 19ನೆಯ ಶತಮಾನದ ಮೊದಲರ್ಧದಲ್ಲಿಯೇ ಇತ್ತು.